ಟೇಪು ಹಿಡಿಯೋಣ, ತೂಕ ತಿಳಿಯೋಣ

(ಕಲಿಕಾ ಕೇಂದ್ರದಲ್ಲಿ ಹೊಸದಾಗಿ ಓದು ಕಲಿತ ಮಹಿಳೆಯರ ಮುಂದೆ ಆಡಿದ ಮಾತು)



ನೀವು ಓದೋದು ಕಲಿತಿರಿ. ಹೆಸರು ಬರೆಯೋದು ಕಲಿತಿರಿ. ಕೂಡೋದು, ಕಳೆಯೋದು, ಗುಣಿಸೋದು, ಭಾಗಿಸೋದು ಕಲಿತಿರಿ. ಇನ್ನು ಆ ಕಲಿತದ್ದನ್ನು ಸಂತೆಗೆ ಒಯ್ಯಬೇಕು. ಕಲಿತದ್ದು ಪಾಟಿಯ ಮೇಲೆ ಉಳಿದರೆ ಏನು ಬಂತು? ಅದು ನಮ್ಮ ಉಡಿಯಲ್ಲಿ ನಾಲ್ಕು ಕಾಸು ಉಳಿಸಬೇಕು. ಅದಕ್ಕೇ ಇವತ್ತು ನಾವು ನಿಮ್ಮ ಜೊತೆ ಕುಂಬಳಕಾಯಿಯ ಲೆಕ್ಕ ಮಾತಾಡ್ತೀವಿ.

"ಕುಂಬಳಕಾಯಿದು ಎಂಥಾ ಲೆಕ್ಕರೀ? ಎತ್ತಿ ನೋಡಿದರ ಗೊತ್ತಾಗತೈತಿ" ಅಂತ ನೀವು ಅನ್ನಬಹುದು. ಸಣ್ಣ ಕಾಯಿ ಆದರೆ ಹೌದು. ದೊಡ್ಡ ಕಾಯಿ ಬಂದಾಗ ಕಣ್ಣೂ ಮೋಸ ಹೋಗುತ್ತದೆ, ಕೈಯೂ ಮೋಸ ಹೋಗುತ್ತದೆ. ಹೇಗೆ ಮೋಸ ಹೋಗುತ್ತದೆ, ಒಂದು ಟೇಪು ಅದನ್ನು ಹೇಗೆ ತಪ್ಪಿಸುತ್ತದೆ ಅನ್ನೋದೇ ಇವತ್ತಿನ ಪಾಠ.

ಕುಂಬಳಕಾಯಿ ಹೆಣ್ಣುಮಕ್ಕಳ ಬೆಳೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. 1997ರಲ್ಲಿ ರಾಯಚೂರಿನಿಂದ ಬೇರೆ ಆದಾಗ ಈ ನಾಲ್ಕು ತಾಲೂಕು ಕೂಡಿ ನಮ್ಮ ಜಿಲ್ಲೆ ಆಯಿತು. ಈಗ ಕನಕಗಿರಿ, ಕಾರಟಗಿ, ಕುಕನೂರು ಅಂತ ಇನ್ನೂ ಮೂರು ತಾಲೂಕು ಆಗಿವೆ. ಗಂಗಾವತಿ ಕಡೆ ತುಂಗಭದ್ರಾ ಕಾಲುವೆಯ ನೀರು ಇದೆ, ಭತ್ತ ಇದೆ. ಕುಷ್ಟಗಿ, ಯಲಬುರ್ಗಾ ಕಡೆ ಬಹಳಷ್ಟು ಹೊಲ ಮಳೆಯನ್ನೇ ನಂಬಿದೆ. ಆದರೆ ನೀರು ಇದ್ದ ಊರಾಗಲಿ, ಇಲ್ಲದ ಊರಾಗಲಿ, ಕುಂಬಳದ ಬಳ್ಳಿ ಮಾತ್ರ ಎಲ್ಲಾ ಕಡೆ ಕಾಣುತ್ತದೆ. ತಿಪ್ಪೆಯ ಮೇಲೆ ಹಬ್ಬುತ್ತದೆ. ಹಿತ್ತಲ ಬೇಲಿಗೆ ಏರುತ್ತದೆ. ಹೊಲದ ಬದುವಿನಲ್ಲಿ ಹರಿಯುತ್ತದೆ.

ಈ ಬೀಜ ಎತ್ತಿಡೋರು ಯಾರು? ನಾವೇ. ಬೂದಿ ಹಚ್ಚಿ ಒಣಗಿಸೋರು ಯಾರು? ನಾವೇ. ಪಾತ್ರೆ ತೊಳೆದ ನೀರನ್ನ ಬಳ್ಳಿಗೆ ಹಾಕೋರೂ ನಾವೇ. ಜೋಳದ ದುಡ್ಡು, ಹತ್ತಿಯ ದುಡ್ಡು ಮನೆಯ ಗಂಡಸರ ಕೈಗೆ ಹೋಗಬಹುದು. ಕುಂಬಳಕಾಯಿಯ ದುಡ್ಡು, ಕೋಳಿಯ ದುಡ್ಡು, ಆಡಿನ ಮರಿಯ ದುಡ್ಡು ಹೆಣ್ಣುಮಕ್ಕಳ ಕೈಯಲ್ಲಿ ನಿಲ್ಲುವ ದುಡ್ಡು. ಮಗಳಿಗೆ ನೋಟ್‌ಬುಕ್ಕು, ಮನೆಗೆ ಎಣ್ಣೆ, ತವರಿಗೆ ಹೋಗಲು ಬಸ್ಸಿನ ಖರ್ಚು ಇದರಲ್ಲೇ ಆಗುತ್ತದೆ. ಅದಕ್ಕೇ ಇದರಲ್ಲಿ ಹತ್ತು ರೂಪಾಯಿ ಹೋದರೂ ಅದು ನಮ್ಮ ಹತ್ತು ರೂಪಾಯಿ.

ಆದರೆ ನಾವು ಮಾರೋದು ಹೇಗೆ? ಎಣಿಕೆಯ ಮೇಲೆ. "ಸಣ್ಣ ಕಾಯಿಗೆ ಇಷ್ಟು, ದೊಡ್ಡ ಕಾಯಿಗೆ ಇಷ್ಟು." ಮಾನವಮಿ ಹಬ್ಬ ಬಂದಾಗ ಬೂದಗುಂಬಳಕ್ಕೂ ಇದೇ ಮಾತು. ವ್ಯಾಪಾರಿ ಮನೆಗೆ ಬರುತ್ತಾನೆ. ಬಳ್ಳಿ ನೋಡುತ್ತಾನೆ. "ಅಕ್ಕಾರ, ಎಲ್ಲಾ ಸೇರಿಸಿ ಗುತ್ತಿಗಿ ಮಾಡಿಬಿಡ್ರಿ" ಅನ್ನುತ್ತಾನೆ. ನಾವು ಹೂಂ ಅನ್ನುತ್ತೇವೆ. ಅವನು ಪೇಟೆಗೆ ಒಯ್ದು ಹೇಗೆ ಮಾರುತ್ತಾನೆ? ಕಿಲೋ ಲೆಕ್ಕದಲ್ಲಿ. ಕೊಳ್ಳುವಾಗ ಎಣಿಕೆ, ಮಾರುವಾಗ ತೂಕ. ಈ ಎರಡರ ನಡುವೆ ನಮ್ಮ ಲಾಭ ಜಾರಿ ಹೋಗುತ್ತದೆ.

ಎರಡು ಪಟ್ಟು ಕಂಡರೆ ಎಂಟು ಪಟ್ಟು ತೂಕ

ಈಗ ಒಂದು ಪ್ರಶ್ನೆ ಕೇಳ್ತೀವಿ. ಎರಡು ಕುಂಬಳಕಾಯಿ ಇವೆ. ಆಕಾರ ಒಂದೇ. ಸಣ್ಣದರ ಸುತ್ತಳತೆ 50 ಸೆಂಟಿಮೀಟರ್. ದೊಡ್ಡದರ ಸುತ್ತಳತೆ 100 ಸೆಂಟಿಮೀಟರ್. ಸಣ್ಣದಕ್ಕಿಂತ ದೊಡ್ಡದು ಎಷ್ಟು ಪಟ್ಟು ತೂಗುತ್ತದೆ?

ಬಹಳ ಮಂದಿ "ಎರಡು ಪಟ್ಟು" ಅಂತಾರೆ. ಕೆಲವರು "ಮೂರು, ನಾಲ್ಕು ಪಟ್ಟು ಇರಬಹುದು" ಅಂತಾರೆ. ನಿಜವಾದ ಉತ್ತರ ಎಂಟು ಪಟ್ಟು.

ನಂಬೋದು ಕಷ್ಟ ಅಲ್ಲೇನ್ರಿ? ನಂಬಬೇಡಿ. ಮಾಡಿ ನೋಡಿ.

ಎಂಟು ಕಡ್ಡಿಪೆಟ್ಟಿಗೆ ತರ್ರಿ. ಒಂದನ್ನು ಬೇರೆ ಇಟ್ಟು ನೋಡ್ರಿ. ಈಗ ಅದೇ ಆಕಾರದ, ಆದರೆ ಉದ್ದ ಎರಡರಷ್ಟು, ಅಗಲ ಎರಡರಷ್ಟು, ಎತ್ತರ ಎರಡರಷ್ಟು ಇರುವ ಪೆಟ್ಟಿಗೆ ಕಟ್ಟೋಣ. ಉದ್ದಕ್ಕೆ ಎರಡು ಜೋಡಿಸಿರಿ. ಪಕ್ಕದಲ್ಲಿ ಇನ್ನೆರಡು ಇಡ್ರಿ. ನಾಲ್ಕು ಆಯಿತು. ಅದರ ಮೇಲೆ ಇನ್ನೊಂದು ಅಂತಸ್ತು, ಮತ್ತೆ ನಾಲ್ಕು. ಒಟ್ಟು ಎಂಟು. ಯಾಕೆ? 2 × 2 × 2 = 8. ವಸ್ತು ಒಂದು ಕಡೆಗೆ ಮಾತ್ರ ಬೆಳೆಯೋದಿಲ್ಲ. ಉದ್ದಕ್ಕೆ ಬೆಳೆಯುತ್ತದೆ, ಅಗಲಕ್ಕೆ ಬೆಳೆಯುತ್ತದೆ, ಎತ್ತರಕ್ಕೂ ಬೆಳೆಯುತ್ತದೆ. ಅದಕ್ಕೇ ಮೂರು ಸಲ ಗುಣಿಸಬೇಕು.

"ಪೆಟ್ಟಿಗಿ ಚೌಕ ಐತಿ, ಕಾಯಿ ದುಂಡಗೈತಿ" ಅಂತ ಕೇಳುವವರಿಗೆ ಇನ್ನೊಂದು ಪ್ರಯೋಗ. ರೊಟ್ಟಿ ಮಾಡುವಾಗ ಮಾಡ್ರಿ. ನಾದಿದ ಜೋಳದ ಹಿಟ್ಟಿನಲ್ಲಿ ನಿಂಬೆಹಣ್ಣಿನ ಗಾತ್ರದ ಎಂಟು ಸಮ ಉಂಡೆ ಮಾಡ್ರಿ. ಒಂದು ಉಂಡೆಯ ಸುತ್ತ ದಾರ ಸುತ್ತಿ ಕತ್ತರಿಸಿ ಇಟ್ಟುಕೊಳ್ಳಿ. ಆಮೇಲೆ ಎಂಟೂ ಉಂಡೆ ಕೂಡಿಸಿ ಒಂದೇ ದೊಡ್ಡ ದುಂಡನೆಯ ಉಂಡೆ ಮಾಡ್ರಿ. ಅದರ ಸುತ್ತ ದಾರ ಸುತ್ತಿ ಕತ್ತರಿಸಿ. ಎರಡು ದಾರ ಪಕ್ಕಪಕ್ಕ ಹಿಡಿದು ನೋಡ್ರಿ. ದೊಡ್ಡ ದಾರ ಸಣ್ಣ ದಾರದ ಎರಡರಷ್ಟು ಇರುತ್ತದೆ. ಹಿಟ್ಟು ಎಂಟು ಪಟ್ಟು. ದಾರ ಎರಡೇ ಪಟ್ಟು.

ಕಣ್ಣು ನೋಡೋದು ದಾರವನ್ನ. ತಕ್ಕಡಿ ನೋಡೋದು ಹಿಟ್ಟನ್ನ. ಇಲ್ಲೇ ಮೋಸ ಇರೋದು.

ಈಗ ದುಡ್ಡಿನ ಲೆಕ್ಕ ಮಾಡೋಣ. 50 ಸೆಂಟಿಮೀಟರಿನ ಕಾಯಿಗೆ 20 ರೂಪಾಯಿ ಬಂತು ಅಂದುಕೊಳ್ಳಿ. 100 ಸೆಂಟಿಮೀಟರಿನ ಕಾಯಿಗೆ ವ್ಯಾಪಾರಿ "ಇದು ದೊಡ್ಡದೈತಿ, 60 ತಗೋ ಯವ್ವಾ" ಅಂದ. ಮೂರು ಪಟ್ಟು ಕೊಟ್ಟ ಅಂತ ನಮಗೆ ಖುಷಿ ಆಗುತ್ತದೆ. ಆದರೆ ಅದರ ತೂಕ ಎಂಟು ಪಟ್ಟು. ಅದೇ ದರದಲ್ಲಿ 20 × 8 = 160 ರೂಪಾಯಿ ಬರಬೇಕಿತ್ತು. ಒಂದೇ ಕಾಯಿಯಲ್ಲಿ 100 ರೂಪಾಯಿ ಹೋಯಿತು. ಯಾರೂ ಕದ್ದಿಲ್ಲ. ಕಿಸೆಗೆ ಕೈ ಹಾಕಿಲ್ಲ. ಲೆಕ್ಕ ಗೊತ್ತಿಲ್ಲದೆ ಹೋಯಿತು.

ದೂರದ ದೇಶದ ದೈತ್ಯ ಕಾಯಿಗಳು

ಟೇಪು ಹಿಡಿದು ಕುಂಬಳಕಾಯಿ ತೂಕ ಹೇಳೋದು ನಾವು ಕಟ್ಟಿದ ಮಾತಲ್ಲ. ಅಮೆರಿಕ, ಕೆನಡಾ, ಯುರೋಪಿನ ರೈತರು ಪ್ರತಿ ವರ್ಷ ಮಾಡುವ ಕೆಲಸ ಅದು. ಅಲ್ಲಿ ದೊಡ್ಡ ಕುಂಬಳಕಾಯಿಯ ಸ್ಪರ್ಧೆ ನಡೆಯುತ್ತದೆ. ನಮ್ಮಲ್ಲಿ ಕುಸ್ತಿ, ಎತ್ತಿನ ಓಟ ನೋಡಲು ಜನ ಸೇರುವ ಹಾಗೆ ಅಲ್ಲಿ ಕಾಯಿ ತೂಗೋದು ನೋಡಲು ಜನ ಸೇರುತ್ತಾರೆ.

ಕೆನಡಾದ ಹೋವರ್ಡ್ ಡಿಲ್ ಎಂಬ ರೈತ ವರ್ಷಗಟ್ಟಲೆ ಬೀಜ ಆರಿಸಿ ಆರಿಸಿ 'ಅಟ್ಲಾಂಟಿಕ್ ಜೈಂಟ್' ಎಂಬ ದೈತ್ಯ ತಳಿ ಮಾಡಿದ. 1981ರಲ್ಲಿ ಅವನ ಒಂದು ಕಾಯಿ ಸುಮಾರು 224 ಕಿಲೊ ತೂಗಿತು. ಅಂದರೆ ಎರಡು ಕ್ವಿಂಟಲ್‌ಗಿಂತ ಹೆಚ್ಚು! 2014ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬೇನಿ ಮಾಯರ್ ಎಂಬುವವನ ಕಾಯಿ 1,054 ಕಿಲೊ ತೂಗಿತು. 2023ರಲ್ಲಿ ಅಮೆರಿಕದ ಟ್ರಾವಿಸ್ ಗೀಂಗರ್ ಎಂಬುವವನ ಕಾಯಿ ಸುಮಾರು 1,247 ಕಿಲೊ ತೂಗಿತು. ಹನ್ನೆರಡು ಕ್ವಿಂಟಲ್ ದಾಟಿದ ಒಂದೇ ಕಾಯಿ! ಅದನ್ನು ಎತ್ತಲು ಯಂತ್ರವೇ ಬೇಕು.

ಈ ಕಾಯಿಗಳು ಬಳ್ಳಿಯಲ್ಲಿ ಇರುವಾಗ ತೂಗಲು ಆಗೋದಿಲ್ಲ. ಎತ್ತಿದರೆ ತೊಟ್ಟು ಮುರಿಯುತ್ತದೆ. ಆದರೆ ಬೆಳೆಗಾರನಿಗೆ ದಿನದಿನವೂ ತೂಕ ಗೊತ್ತಾಗಬೇಕು. ಕಾಯಿ ಜೋರಾಗಿ ಬೆಳೆಯುವ ದಿನಗಳಲ್ಲಿ ಒಂದೇ ದಿನಕ್ಕೆ 15-20 ಕಿಲೊ ಏರೋದುಂಟು. ಏರುವುದು ನಿಂತರೆ ನೀರು, ಗೊಬ್ಬರದಲ್ಲಿ ಏನೋ ಹೆಚ್ಚು-ಕಡಿಮೆ ಆಗಿದೆ ಅಂತ ತಿಳಿಯಬೇಕು. ಹಾಗಾದರೆ ಏನು ಮಾಡುತ್ತಾರೆ? ಟೇಪು ಹಿಡಿಯುತ್ತಾರೆ. ಮೂರು ಅಳತೆ ತೆಗೆಯುತ್ತಾರೆ.

ಒಂದು, ನೆಲಕ್ಕೆ ಸಮನಾಗಿ ಕಾಯಿಯ ಸುತ್ತಳತೆ.

ಎರಡು, ತೊಟ್ಟಿನ ಕಡೆಯ ನೆಲದಿಂದ ಕಾಯಿಯ ಮೇಲೆ ಹಾಯ್ದು, ಹೂ ಉದುರಿದ ಕಡೆಯ ನೆಲದವರೆಗೆ.

ಮೂರು, ಎಡಗಡೆ ನೆಲದಿಂದ ಕಾಯಿಯ ಮೇಲೆ ಹಾಯ್ದು, ಬಲಗಡೆ ನೆಲದವರೆಗೆ.

ಮೂರನ್ನೂ ಕೂಡಿಸುತ್ತಾರೆ. ಬಂದ ಮೊತ್ತವನ್ನು ಒಂದು ಪಟ್ಟಿಯಲ್ಲಿ ಹುಡುಕುತ್ತಾರೆ. ಅದರ ಎದುರಿಗೆ ತೂಕ ಬರೆದಿರುತ್ತದೆ. ಆ ಪಟ್ಟಿ ಎಲ್ಲಿಂದ ಬಂತು? ಸ್ಪರ್ಧೆಗೆ ಬಂದ ಕಾಯಿಗಳನ್ನು ಮೊದಲು ಅಳೆದು, ಆಮೇಲೆ ತೂಗಿ, ಎರಡನ್ನೂ ಬರೆದಿಟ್ಟು ಮಾಡಿದ್ದು. ಬರೆದಿಟ್ಟರು, ಅದಕ್ಕೇ ಲೆಕ್ಕ ಬಂತು. ಬರೆದಿಡೋದು ಈಗ ನಮಗೂ ಬರುತ್ತದೆ.

ಅವರ ಪಟ್ಟಿ ನಮ್ಮ ಕಾಯಿಗೆ ಹೊಂದೋದಿಲ್ಲ. ಅವರ ಕಾಯಿ ಬೇರೆ ತಳಿ. ಆದರೆ ಅವರ ದಾರಿ ನಮಗೆ ಹೊಂದುತ್ತದೆ. ನಮ್ಮ ಕಾಯಿಗೆ ನಮ್ಮದೇ ಪಟ್ಟಿ ಮಾಡಿಕೊಳ್ಳೋಣ.

ನಮ್ಮ ಪಟ್ಟಿ ನಾವೇ ಮಾಡೋಣ

ಬೇಕಾಗೋದು ಏನು? ದರ್ಜಿಯವರು ಹಿಡಿಯುವ ಟೇಪು. ಅದರ ಉದ್ದ 150 ಸೆಂಟಿಮೀಟರ್. ಟೇಪು ಇಲ್ಲದಿದ್ದರೆ ಒಂದು ದಾರ, ಮಕ್ಕಳ ಶಾಲೆಯ ಸ್ಕೇಲು ಸಾಕು. ದಾರ ಸುತ್ತಿ, ಬಿಚ್ಚಿ, ಸ್ಕೇಲಿನ ಮೇಲೆ ಅಳೆಯಿರಿ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಜೊತೆಗೆ ಇರಲಿ.

ಕಾಯಿಯ ಹೊಟ್ಟೆ ಎಲ್ಲಿ ಹೆಚ್ಚು ದಪ್ಪ ಇದೆಯೋ ಅಲ್ಲಿ ಟೇಪು ಸುತ್ತಿ. ಟೇಪು ಸಡಿಲ ಬೇಡ, ಬಿಗಿಯೂ ಬೇಡ. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಜಾರಬಾರದು.

ಈಗ ಲೆಕ್ಕ ಸುಲಭ ಆಗಲಿ ಅಂತ ಒಂದು ಮಾತು ಇಟ್ಟುಕೊಳ್ಳೋಣ. 100 ಸೆಂಟಿಮೀಟರ್ ಸುತ್ತಳತೆಯ ಕಾಯಿ 10 ಕಿಲೊ ತೂಗುತ್ತದೆ ಅಂದುಕೊಳ್ಳೋಣ. ಹಾಗಾದರೆ ಅದೇ ಆಕಾರದ ಉಳಿದ ಕಾಯಿಗಳ ತೂಕ ಹೀಗೆ ಬರುತ್ತದೆ.

50 ಸೆಂ.ಮೀ. — ಸುಮಾರು 1 ಕಾಲು ಕಿಲೊ
60 ಸೆಂ.ಮೀ. — 2 ಕಿಲೊಗಿಂತ ಸ್ವಲ್ಪ ಹೆಚ್ಚು
70 ಸೆಂ.ಮೀ. — ಸುಮಾರು 3 ಅರೆ ಕಿಲೊ
80 ಸೆಂ.ಮೀ. — 5 ಕಿಲೊಗಿಂತ ಸ್ವಲ್ಪ ಹೆಚ್ಚು
90 ಸೆಂ.ಮೀ. — ಸುಮಾರು 7 ಕಾಲು ಕಿಲೊ
100 ಸೆಂ.ಮೀ. — 10 ಕಿಲೊ
110 ಸೆಂ.ಮೀ. — ಸುಮಾರು 13 ಕಾಲು ಕಿಲೊ
120 ಸೆಂ.ಮೀ. — ಸುಮಾರು 17 ಕಾಲು ಕಿಲೊ

ಈ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಮಾಡುವ ಬಗೆ ತಿಳಿದರೆ ಸಾಕು. ಸುತ್ತಳತೆ 80 ಅಂತ ಇಟ್ಟುಕೊಳ್ಳಿ. ಕೊನೆಯ ಸೊನ್ನೆ ತೆಗೆಯಿರಿ. 8 ಉಳಿಯಿತು. ಅದನ್ನು ಮೂರು ಸಲ ಬರೆದು ಗುಣಿಸಿ. 8 × 8 = 64. 64 × 8 = 512. ಕೊನೆಯ ಎರಡು ಅಂಕಿಯ ಹಿಂದೆ ಒಂದು ಚುಕ್ಕಿ ಇಡಿ. 5.12 ಆಯಿತು. ಅಂದರೆ 5 ಕಿಲೊ 120 ಗ್ರಾಂ. ಮೊಬೈಲಿನಲ್ಲಿ ಲೆಕ್ಕ ಮಾಡುವ ಗುಂಡಿ ಇರುತ್ತದೆ. ಅದನ್ನೂ ಬಳಸಬಹುದು.

ಪಟ್ಟಿಯಲ್ಲಿ ಇನ್ನೊಂದು ವಿಷಯ ನೋಡಿ. 50ರಿಂದ 60ಕ್ಕೆ ಹೋದಾಗ ತೂಕ ಒಂದು ಕಿಲೊದಷ್ಟೂ ಏರಲಿಲ್ಲ. 110ರಿಂದ 120ಕ್ಕೆ ಹೋದಾಗ ನಾಲ್ಕು ಕಿಲೊ ಏರಿತು. ಏರಿದ ಅಳತೆ ಎರಡೂ ಕಡೆ ಹತ್ತೇ ಸೆಂಟಿಮೀಟರ್. ಕಾಯಿ ದೊಡ್ಡದಾದಷ್ಟೂ ನಾಲ್ಕು ಬೆರಳು ಹೆಚ್ಚಾದರೂ ಬಹಳ ತೂಕ ಏರುತ್ತದೆ. ಅದಕ್ಕೇ ದೊಡ್ಡ ಕಾಯಿಯನ್ನು ಕಣ್ಣಂದಾಜಿನಲ್ಲಿ ಕೊಡಬೇಡಿ.

ಈಗ ಈ ಪಟ್ಟಿಯನ್ನು ನಿಮ್ಮ ಬಳ್ಳಿಗೆ ಹೊಂದಿಸಬೇಕು. ಒಂದು ಕಾಯಿಯ ಸುತ್ತಳತೆ ಅಳೆದು, ಒಳ್ಳೆಯ ಕಾಟಾದಲ್ಲಿ ತೂಗಿಸಿ ತನ್ನಿ. 90 ಸೆಂಟಿಮೀಟರಿನ ಕಾಯಿ 8 ಕಿಲೊ ಬಂತು ಅಂದುಕೊಳ್ಳಿ. ಪಟ್ಟಿ 7 ಕಾಲು ಅನ್ನುತ್ತದೆ. ಅಂದರೆ ನಿಮ್ಮ ಕಾಯಿ ಪಟ್ಟಿಗಿಂತ ಹತ್ತರಲ್ಲಿ ಒಂದು ಪಾಲು ಹೆಚ್ಚು ತೂಗುತ್ತದೆ. ಹಾಗಾದರೆ ಆ ಬಳ್ಳಿಯ 100 ಸೆಂಟಿಮೀಟರಿನ ಕಾಯಿ 10 ಅಲ್ಲ, 11 ಕಿಲೊ ಅಂತ ಹಿಡೀರಿ. ಒಂದರ ಬದಲು ಮೂರು ನಾಲ್ಕು ಕಾಯಿ ತೂಗಿಸಿ ನೋಡಿದರೆ ಲೆಕ್ಕ ಇನ್ನೂ ಗಟ್ಟಿ ಆಗುತ್ತದೆ.

ಚಪ್ಪಟೆ ಕಾಯಿಗೆ ಒಂದು ಲೆಕ್ಕ, ಎತ್ತರದ ಕಾಯಿಗೆ ಒಂದು ಲೆಕ್ಕ ಬೇಕು. ಸುತ್ತಳತೆ ಒಂದೇ ಇದ್ದರೂ ಎತ್ತರದ ಕಾಯಿ ಹೆಚ್ಚು ತೂಗುತ್ತದೆ. ಬೂದಗುಂಬಳ ಉದ್ದ ಇರುತ್ತದೆ. ಅದಕ್ಕೆ ಸುತ್ತಳತೆಯನ್ನು ಎರಡು ಸಲ, ಉದ್ದವನ್ನು ಒಂದು ಸಲ ಗುಣಿಸಿ, ಒಂದು ತೂಗಿದ ಕಾಯಿಯ ಜೊತೆ ಹೋಲಿಸಬೇಕು. ಬೇರೆ ತಳಿ ಬಂದರೆ ಬೇರೆ ಪುಟದಲ್ಲಿ ಬರೆಯಿರಿ.

ಕಾಟಾ ಇಲ್ಲದ ಊರಿಗೆ ನೀರಿನ ತಕ್ಕಡಿ

"ಒಂದು ಕಾಯಿ ತೂಗಸಾಕ ಪೇಟಿಗೆ ಹೋಗಬೇಕೇನ್ರಿ?" ಬೇಕಿಲ್ಲ. ನೀರೇ ತಕ್ಕಡಿ ಆಗುತ್ತದೆ.

ಕುಂಬಳಕಾಯಿ ನೀರಿನಲ್ಲಿ ತೇಲುತ್ತದೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸ್ ದೇಶದ ಜನಾಂಗದ ಆರ್ಕಿಮಿಡೀಸ್ ಎಂಬ ಪಂಡಿತ ಇದನ್ನು ಕಂಡು ಹೇಳಿದ. ಒಂದು ಲೀಟರ್ ನೀರು ಒಂದು ಕಿಲೊ ತೂಗುತ್ತದೆ. ಇವೆರಡು ಮಾತು ಗೊತ್ತಿದ್ದರೆ ಸಾಕು.

ಅಗಲ ಬಾಯಿಯ ದೊಡ್ಡ ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಹಾಕಿ. ಕಾಯಿಯನ್ನು ಮೆಲ್ಲಗೆ ಬಿಡಿ. ಅದು ತಳ ಮುಟ್ಟಬಾರದು. ಕೈಯಿಂದ ಒತ್ತಬಾರದು. ನೀರು ಏರುತ್ತದೆ. ನೀರು ಎಲ್ಲಿಗೆ ಏರಿತೋ ಅಲ್ಲಿ ಸುಣ್ಣದಿಂದ ಗೆರೆ ಹಾಕಿ. ಈಗ ಕಾಯಿ ಹೊರಗೆ ತೆಗೆಯಿರಿ. ಅದಕ್ಕೆ ಅಂಟಿದ ನೀರು ಪಾತ್ರೆಯಲ್ಲೇ ಸೋರಲಿ. ನೀರು ಕೆಳಗೆ ಇಳಿಯುತ್ತದೆ. ಇನ್ನು ಲೀಟರ್ ಅಳತೆಯಿಂದ ನೀರು ಹಾಕುತ್ತಾ ಹೋಗಿ. ಗೆರೆ ಮುಟ್ಟುವವರೆಗೆ ಹಾಕಿ. ಎಷ್ಟು ಲೀಟರ್ ಹಿಡಿಯಿತೋ ಅಷ್ಟೇ ಕಿಲೊ ನಿಮ್ಮ ಕಾಯಿಯ ತೂಕ. ಆರು ಲೀಟರ್ ಹಿಡಿದರೆ ಆರು ಕಿಲೊ. ಆರೂವರೆ ಹಿಡಿದರೆ ಆರೂವರೆ ಕಿಲೊ.

ನೀರು ಚೆಲ್ಲಬೇಡಿ. ಅದೇ ನೀರು ಬಳ್ಳಿಗೆ ಹಾಕಿ.

ಇದೇ ಟೇಪು ಕುರಿಗೂ ಸಲ್ಲುತ್ತದೆ

ಕುಂಬಳಕಾಯಿಯಲ್ಲಿ ಹತ್ತು, ನೂರು ಹೋಗಬಹುದು. ಕುರಿ, ಆಡಿನಲ್ಲಿ ಸಾವಿರ ಹೋಗುತ್ತದೆ. ನಮ್ಮ ಭಾಗ ಕುರಿಗೆ ಹೆಸರಾದದ್ದು. ಕೆಂಗುರಿ ತಳಿ ಗಂಗಾವತಿ, ಸಿಂಧನೂರು, ಲಿಂಗಸುಗೂರು ಸೀಮೆಯದು. ಕೂಕನಪಳ್ಳಿಯಂಥ ಕುರಿ ಸಂತೆಗೆ ನೀವೂ ಹೋಗಿರಬಹುದು.

ಅಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆ? ದಲ್ಲಾಳಿ ಬೆನ್ನು ಒತ್ತಿ ನೋಡುತ್ತಾನೆ. ಸೊಂಟ ಹಿಡಿದು ಎತ್ತಿ ನೋಡುತ್ತಾನೆ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಲ್ಲಿ ದರ ಹೇಳುವ ರೂಢಿಯೂ ದನದ ಸಂತೆಗಳಲ್ಲಿ ಉಂಟು. ಅವನ ಕೈ ನೂರಾರು ಕುರಿ ಎತ್ತಿ ಪಳಗಿದ ಕೈ. ಅವನಿಗೆ ತೂಕ ಗೊತ್ತು. ವರ್ಷಕ್ಕೆ ಎರಡು ಮರಿ ಮಾರುವ ನಮಗೆ ಗೊತ್ತಿಲ್ಲ. ಗೊತ್ತಿದ್ದವನಿಗೂ ಗೊತ್ತಿಲ್ಲದವಳಿಗೂ ನಡೆಯುವ ವ್ಯಾಪಾರದಲ್ಲಿ ಯಾರು ಗೆಲ್ಲುತ್ತಾರೆ, ನೀವೇ ಹೇಳ್ರಿ.

ಇಲ್ಲೂ ಎರಡು ಅಳತೆ ಸಾಕು.

ಒಂದು, ಎದೆಯ ಸುತ್ತಳತೆ. ಮುಂಗಾಲಿನ ಹಿಂದೆ ಹತ್ತಿಕೊಂಡೇ ಟೇಪು ಸುತ್ತಬೇಕು.

ಎರಡು, ಮೈಯ ಉದ್ದ. ಮುಂದಿನ ಭುಜದ ಮೊನೆಯಿಂದ ಹಿಂದೆ ಬಾಲದ ಬುಡದ ಪಕ್ಕದ ಎಲುಬಿನ ತುದಿಯವರೆಗೆ. ಕತ್ತು, ತಲೆ ಸೇರಿಸಬಾರದು.

ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ. ಬಂದದ್ದನ್ನು ಉದ್ದದಿಂದ ಗುಣಿಸಿ. ಕೊನೆಗೆ 10,800ರಿಂದ ಭಾಗಿಸಿ. ಅಳತೆ ಸೆಂಟಿಮೀಟರಿನಲ್ಲಿ ಇರಬೇಕು. ತೂಕ ಕಿಲೊದಲ್ಲಿ ಬರುತ್ತದೆ.

ಒಂದು ಟಗರು ನೋಡೋಣ. ಎದೆಯ ಸುತ್ತಳತೆ 72. ಉದ್ದ 60.
72 × 72 = 5,184
5,184 × 60 = 3,11,040
3,11,040 ÷ 10,800 = 28.8
ಟಗರಿನ ತೂಕ ಸುಮಾರು 29 ಕಿಲೊ.

ದಲ್ಲಾಳಿ "ಇದು 24 ಕಿಲೊ ಮ್ಯಾಲೆ ಇಲ್ಲ ತಂಗೀ" ಅಂದರೆ? ಸುಮಾರು ಐದು ಕಿಲೊ ವ್ಯತ್ಯಾಸ. ಜೀವಂತ ತೂಕಕ್ಕೆ ಕಿಲೊಗೆ 300 ರೂಪಾಯಿ ದರ ಅಂತ ಹಿಡಿದರೆ 1,500 ರೂಪಾಯಿ ವ್ಯತ್ಯಾಸ. ಇನ್ನೊಂದು ಮಾತು ಗೊತ್ತಿರಲಿ. ಜೀವಂತ ತೂಕ ಬೇರೆ, ಮಾಂಸದ ತೂಕ ಬೇರೆ. ಕುರಿ, ಆಡಿನಲ್ಲಿ ಮಾಂಸ ಜೀವಂತ ತೂಕದ ಹೆಚ್ಚುಕಡಿಮೆ ಅರ್ಧ ಇರುತ್ತದೆ. ಅವನು ಯಾವ ಕಿಲೊ ಮಾತಾಡುತ್ತಿದ್ದಾನೆ ಅಂತ ಮೊದಲು ಕೇಳಿ.

ಅಳೆಯುವಾಗ ಜೋಪಾನ. ಕುರಿ ನಾಲ್ಕೂ ಕಾಲು ಸಮ ಊರಿ ನಿಂತಿರಬೇಕು. ಉಣ್ಣೆ ದಟ್ಟ ಇದ್ದರೆ ಟೇಪು ಉಣ್ಣೆಯ ಒಳಗೆ ಒತ್ತಿ ಹಿಡಿಯಬೇಕು. ಹೊಟ್ಟೆ ತುಂಬ ಮೇಯ್ದು ನೀರು ಕುಡಿದಾಗ ತೂಕ ಹೆಚ್ಚು ಬರುತ್ತದೆ. ಬೆಳಿಗ್ಗೆ ಮೇಯಿಸುವ ಮೊದಲು ಅಳೆಯೋದು ಒಳ್ಳೆಯದು. ಗಬ್ಬದ ಕುರಿಗೆ ಈ ಲೆಕ್ಕ ಸರಿಯಾಗಿ ಹೊಂದೋದಿಲ್ಲ.

ಮಾರಾಟಕ್ಕಷ್ಟೇ ಅಲ್ಲ, ಔಷಧಿಗೂ ತೂಕ ಬೇಕು. ಜಂತಿನ ಔಷಧಿಯನ್ನು ತೂಕ ನೋಡಿ ಕೊಡುತ್ತಾರೆ. ತೂಕಕ್ಕಿಂತ ಕಡಿಮೆ ಕೊಟ್ಟರೆ ಜಂತು ಸಾಯೋದಿಲ್ಲ. ಪಶು ವೈದ್ಯರು ಕೇಳಿದಾಗ ನಿಮ್ಮ ಚೀಟಿಯಲ್ಲಿ ಅಳತೆ ಬರೆದಿದ್ದರೆ ಅವರಿಗೂ ಅನುಕೂಲ.

ಅಂದಾಜು ಅಂದಾಜೇ, ಆದರೆ ಬರಿಗೈ ಅಲ್ಲ

ಒಂದು ಮಾತು ಸ್ಪಷ್ಟ ಹೇಳ್ತೀವಿ. ಟೇಪು ಹೇಳೋದು ಅಂದಾಜು. ಒಂದು ಕಾಯಿಯ ತಿರುಳು ದಪ್ಪ ಇರುತ್ತದೆ, ಒಂದರ ಒಳಗೆ ಪೊಳ್ಳು ಹೆಚ್ಚು ಇರುತ್ತದೆ. ದೂರ ದೇಶದ ದೊಡ್ಡ ಬೆಳೆಗಾರರಿಗೂ ಪಟ್ಟಿ ಒಂದು ಹೇಳಿ ಕಾಟಾ ಒಂದು ಹೇಳೋದುಂಟು. ಅದಕ್ಕೇ ಅವರು ಬಹುಮಾನವನ್ನು ಪಟ್ಟಿ ನೋಡಿ ಕೊಡೋದಿಲ್ಲ. ಕಾಟಾದ ಮೇಲೆ ಇಟ್ಟೇ ಕೊಡುತ್ತಾರೆ. ಕೊನೆಯ ಮಾತು ಕಾಟಾದ್ದೇ.

ಹಾಗಾದರೆ ಟೇಪು ಯಾಕೆ? ವ್ಯಾಪಾರಿ ಬಾಯಿ ಬಿಡುವ ಮೊದಲು ನಿಮ್ಮ ಮನಸ್ಸಿನಲ್ಲಿ ಒಂದು ಅಂಕಿ ಇರಲಿ ಅಂತ. ಅಂಕಿ ಇದ್ದವಳು ಹೀಗೆ ಮಾತಾಡಬಹುದು.

"ಅಣ್ಣಾರ, ಈ ಕಾಯಿ ಹತ್ತು ಕಿಲೊ ಐತಿ. ಕಿಲೊಕ್ಕ ಎಷ್ಟು ಕೊಡ್ತೀರಿ?"

"ಹತ್ತು ಎಲ್ಲಿ ಬಂತು ಅಕ್ಕಾರ? ಆರು ಇದ್ದರ ಹೆಚ್ಚು."

"ಹಂಗಾರ ತೂಗೋಣು ಬರ್ರಿ. ಕಾಟಾ ಹೇಳಿದಷ್ಟಕ್ಕ ರೊಕ್ಕ ಕೊಡ್ರಿ."

ಈ ಒಂದು ಮಾತು ಸಾಕು. ಎಣಿಕೆಯ ವ್ಯಾಪಾರ ತೂಕದ ವ್ಯಾಪಾರ ಆಯಿತು. ಜಗಳ ಇಲ್ಲ, ಕೂಗಾಟ ಇಲ್ಲ.

ಕಾಟಾ ಸರಿ ಇದೆಯೋ ಇಲ್ಲವೋ ಅಂತಲೂ ನೋಡಬೇಕು. ಏನೂ ಇಡದಾಗ ಅದು ಸೊನ್ನೆ ತೋರಿಸಬೇಕು. ಒಂದು ಲೀಟರ್ ನೀರಿನ ಬಾಟಲಿ ಒಯ್ಯಿರಿ. ಮೊದಲು ಖಾಲಿ ಬಾಟಲಿ ಇಟ್ಟು ನೋಡಿ. ಆಮೇಲೆ ಅಳೆದು ಒಂದು ಲೀಟರ್ ನೀರು ತುಂಬಿ ಇಟ್ಟು ನೋಡಿ. ಎರಡರ ನಡುವೆ ಒಂದು ಕಿಲೊ ವ್ಯತ್ಯಾಸ ಬರಬೇಕು. ವ್ಯಾಪಾರಕ್ಕೆ ಬಳಸುವ ಕಾಟಾ, ತಕ್ಕಡಿ, ಕಲ್ಲುಗಳನ್ನು ಸರಕಾರದ ಇಲಾಖೆಯವರು ಕಾಲಕಾಲಕ್ಕೆ ಪರೀಕ್ಷೆ ಮಾಡಿ ಮುದ್ರೆ ಹಾಕಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಹಾಗೆ ಹೇಳುತ್ತದೆ. ಮುದ್ರೆ ತೋರಿಸಿ ಅಂತ ಕೇಳೋದು ತಪ್ಪಲ್ಲ. ಅದು ಕೊಳ್ಳುವವರ ಹಕ್ಕು, ಮಾರುವವರ ಹಕ್ಕು. ತೂಕದಲ್ಲಿ ಮೋಸ ಕಂಡರೆ ಆ ಇಲಾಖೆಗೆ ದೂರು ಬರೆಯಬಹುದು. ಬರೆಯೋದು ಈಗ ನಿಮಗೆ ಬರುತ್ತದೆ.

ನಮ್ಮ ಹಿರಿಯರಿಗೂ ಅಳತೆ ಗೊತ್ತಿತ್ತು. ಗೇಣು, ಮೊಳ ಅಂತ ಕೈಯಿಂದ ಅಳೆದರು. ಸೇರು, ಪಾವು, ಮಣ ಅಂತ ಕಾಳು ಅಳೆದರು. ಒಂದು ಊರಿನ ಸೇರು ಇನ್ನೊಂದು ಊರಿಗೆ ಹೊಂದುತ್ತಿರಲಿಲ್ಲ. 1956ರಲ್ಲಿ ಕಾಯ್ದೆ ಬಂತು. 1958ರ ಅಕ್ಟೋಬರಿನಿಂದ ಕಿಲೊ, ಮೀಟರ್ ದೇಶದಲ್ಲಿ ಬಳಕೆಗೆ ಬರತೊಡಗಿತು. ಈಗ ಕುಷ್ಟಗಿಯ ಕಿಲೊ, ಬೆಂಗಳೂರಿನ ಕಿಲೊ ಒಂದೇ. ಅಳತೆ ಎಲ್ಲರಿಗೂ ಒಂದೇ ಆದ ಮೇಲೆ ಅದನ್ನು ಓದುವ ಕಣ್ಣೂ ಎಲ್ಲರಿಗೂ ಇರಬೇಕು ಅಲ್ಲವೇ?

ಕೂಡಿ ಮಾಡೋಣ

ಇದನ್ನು ಒಬ್ಬೊಬ್ಬರೇ ಮಾಡಬೇಡಿ. ನಿಮ್ಮ ಸಂಘದಲ್ಲಿ ಒಂದು ಟೇಪು ಇರಲಿ. ಒಂದು ಸಣ್ಣ ತೂಗು ತಕ್ಕಡಿ ಕೊಳ್ಳಲು ಆದರೆ ಇನ್ನೂ ಒಳ್ಳೆಯದು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಗೀಟು ಹಾಕಿ. ಮೊದಲ ಸಾಲಿನಲ್ಲಿ ತಾರೀಖು. ಎರಡನೇದರಲ್ಲಿ ಅಳತೆ. ಮೂರನೇದರಲ್ಲಿ ಕಾಟಾದ ತೂಕ. ನಾಲ್ಕನೇದರಲ್ಲಿ ಬಂದ ರೊಕ್ಕ. ಈ ಸುಗ್ಗಿಯಲ್ಲಿ ಇಪ್ಪತ್ತು ಕಾಯಿ ಬರೆದರೆ ಮುಂದಿನ ಸುಗ್ಗಿಗೆ ನಿಮ್ಮ ಊರಿನ ಪಟ್ಟಿ ತಯಾರು. ಅದು ಯಾವ ಪುಸ್ತಕದಲ್ಲೂ ಸಿಗೋದಿಲ್ಲ. ನೀವು ಬರೆದರೆ ಮಾತ್ರ ಸಿಗುತ್ತದೆ.

ಮಾಡಿ ನೋಡಿ

1. ಕಾಯಿಯ ಸುತ್ತಳತೆ 60 ಸೆಂಟಿಮೀಟರ್. ನಮ್ಮ ಪಟ್ಟಿಯ ಲೆಕ್ಕದಲ್ಲಿ ತೂಕ ಎಷ್ಟು?

2. ಸುತ್ತಳತೆ 100 ಸೆಂಟಿಮೀಟರ್. ಕಿಲೊಗೆ 15 ರೂಪಾಯಿ. ಬೆಲೆ ಎಷ್ಟು?

3. ಆಡಿನ ಎದೆಯ ಸುತ್ತಳತೆ 60, ಉದ್ದ 54. ತೂಕ ಎಷ್ಟು?

4. ನಿಮ್ಮ ಮನೆಯ ಒಂದು ಕಾಯಿ ಅಳೆಯಿರಿ. ನೀರಿನ ತಕ್ಕಡಿಯಲ್ಲಿ ತೂಗಿರಿ. ಎರಡನ್ನೂ ಬರೆದು ಮುಂದಿನ ವಾರ ತನ್ನಿ.

ಉತ್ತರ: 1. 2 ಕಿಲೊ 160 ಗ್ರಾಂ. 2. 150 ರೂಪಾಯಿ. 3. 18 ಕಿಲೊ. ನಾಲ್ಕನೇ ಉತ್ತರ ನಿಮ್ಮ ಕೈಯಲ್ಲಿದೆ. ಅದನ್ನು ಕೇಳಲು ನಾವು ಕಾದಿರುತ್ತೇವೆ.